ನನ್ನ ಹೆಸರಿನಲ್ಲಿದ್ದ ಹೃದಯ

ಜನವರಿ 14, ಮಂಗಳವಾರ

ಒಂಬತ್ತಕ್ಕೆ ಮೈದಾನ. ಸಮುದ್ರದ ಕಡೆಯಿಂದ ಕೊರೆಯುವ ಗಾಳಿ, ಕಾರ್ನರ್ ಬಾವುಟಗಳು ನೆಲಕ್ಕೆ ಬಾಗಿದ್ದವು. ಹತ್ತು ನಿಮಿಷ ಓಟ, ಇಪ್ಪತ್ತು ನಿಮಿಷ ಪಾಸಿಂಗ್, ಆಮೇಲೆ ಭಾನುವಾರ ನಾವು ತಿಂದ ಎರಡನೇ ಗೋಲಿನ ಪೋಸ್ಟ್‌ಮಾರ್ಟಂ. ಎಡಗಡೆ ಬ್ಯಾಕ್ ಆಡುವವನು ಮತ್ತೆ ಒಳಗೆ ಸರಿಯುತ್ತಾನೆ. ನೂರು ಸಲ ಹೇಳಿದ್ದಾಯಿತು. ಮೂರನೇ ದರ್ಜೆಯ ಲೀಗು, ಹದಿನಾಲ್ಕನೇ ಸ್ಥಾನ. ಇನ್ನೆರಡು ಸೋತರೆ ನನ್ನನ್ನು ಮನೆಗೆ ಕಳಿಸುತ್ತಾರೆ. ಏಳನೇ ಸಲ. ಅಭ್ಯಾಸವಾಗಿದೆ.

ಕ್ಲಬ್ಬಿನ ಹೊಸ ಡಾಕ್ಟರ್ ಬೆನ್ನು ಬಿದ್ದಿದ್ದಾರೆ. ಹೆಸರು ಕ್ವಾರಾಂತಾ. ಸಣ್ಣ ವಯಸ್ಸಿನ ಹೆಂಗಸು, ಗಟ್ಟಿ ದನಿ. ಆಟಗಾರರದ್ದು ಮುಗಿಯಿತಂತೆ, ಈಗ ಕೋಚುಗಳ ಸರದಿ.

"ಮಿಸ್ಟರ್, ಕೊನೇ ಸಲ ಹೃದಯದ ಎಕೋ ಮಾಡಿಸಿದ್ದು ಯಾವಾಗ?"

ಕೋಚ್ ಆದವನಿಗೆ ಇಲ್ಲಿ ಹೆಸರಿಲ್ಲ. ಎಲ್ಲರಿಗೂ ಮಿಸ್ಟರ್.

"ತೊಂಬತ್ತನಾಲ್ಕರಲ್ಲಿ."

"ಯಾವ ತೊಂಬತ್ತನಾಲ್ಕು?"

"ಇರೋದು ಒಂದೇ ಅಲ್ವಾ."

ಫೌಸ್ತೊ ಬಾಯಿ ಹಾಕಿದ. ನನ್ನ ಅಸಿಸ್ಟೆಂಟ್, ಹತ್ತೊಂಬತ್ತು ವರ್ಷದಿಂದ ಬೆಂಚಿನ ಮೇಲೆ ನನ್ನ ಪಕ್ಕ ಕೂತವನು. "ಡಾಕ್ಟ್ರೇ, ಇವನ ಹೃದಯ ಗಾಜಿಂದು, ಮುಟ್ಬೇಡಿ. ಅದಕ್ಕೇನೂ ಆಗಲ್ಲ ಬಿಡಿ, ನಮ್ಮ ಡಿಫೆನ್ಸ್ ನೋಡಿ ಮೊದಲು ನಿಲ್ಲೋದು ನಂದೇ."

ಗುರುವಾರ ಬರುತ್ತೇನೆ ಎಂದೆ. ಹೋಗುವುದಿಲ್ಲ.

ಜನವರಿ 16, ಗುರುವಾರ. ಸಂಜೆ 5

ಹೋದೆ. ಡಾಕ್ಟರೇ ಬಾಗಿಲಿಗೆ ಬಂದು ಕರೆದುಕೊಂಡು ಹೋದರು.

ಅಂಗಿ ಬಿಚ್ಚಿ ಎಡಕ್ಕೆ ತಿರುಗಿ ಮಲಗಿದೆ. ತಣ್ಣನೆ ಜೆಲ್. ಪರದೆಯ ಕಡೆ ನೋಡಲಿಲ್ಲ, ಗೋಡೆ ನೋಡಿದೆ. ನನ್ನ ಹೃದಯದ ಗೋಡೆಯ ದಪ್ಪ ಇಪ್ಪತ್ತೆರಡು ಮಿಲಿಮೀಟರ್. ಹುಟ್ಟಿದ ತಾರೀಖಿನ ಹಾಗೆ ಬಾಯಿಪಾಠ. ಹನ್ನೊಂದರ ಒಳಗಿರಬೇಕಂತೆ. ಈಗ ಎಷ್ಟಾಗಿದೆಯೋ ಎಂದು ಕಾದೆ.

"ಒಂಬತ್ತು," ಎಂದರು ಡಾಕ್ಟರ್.

"ಇಪ್ಪತ್ತೊಂಬತ್ತಾ?"

"ಒಂಬತ್ತು, ಮಿಸ್ಟರ್. ಬರೀ ಒಂಬತ್ತು."

ಇನ್ನೊಮ್ಮೆ ನೋಡಿ ಎಂದೆ. ನೋಡಿದರು. ಮೂರನೇ ಸಲವೂ ನೋಡಿದರು. ಕೊನೆಗೆ ಒಂದು ಕಾಗದದ ಟವೆಲ್ ಕೊಟ್ಟು ಕೂತರು. "ಆಟಗಾರರ ಹೃದಯ ಸ್ವಲ್ಪ ದಪ್ಪ ಆಗಿ, ಆಟ ಬಿಟ್ಮೇಲೆ ಇಳಿಯೋದುಂಟು. ಇಪ್ಪತ್ತೆರಡರಿಂದ ಒಂಬತ್ತಕ್ಕೆ ಇಳಿದಿದ್ದು ನಾನಂತೂ ಕೇಳಿಲ್ಲ. ಹಳೇ ಕಾಗದ ಇಟ್ಟಿದೀರಾ?"

ಇಟ್ಟಿದ್ದೇನೆ. ಊರಿಂದ ಊರಿಗೆ ಹನ್ನೊಂದು ಮನೆ ಬದಲಾಯಿಸಿದರೂ ಆ ಲಕೋಟೆ ಬಂದಿದೆ. ತೆರೆದು ಓದಿದ್ದು ಒಂದೇ ಸಲ. ಕೊನೆಯ ಸಾಲು ಮಾತ್ರ: "ಸ್ಪರ್ಧಾತ್ಮಕ ಆಟಕ್ಕೆ ಅನರ್ಹ."

ಆಗ ಇಪ್ಪತ್ತನಾಲ್ಕು ನನಗೆ. ಮೊದಲ ದರ್ಜೆಯಲ್ಲಿ ಮೂರನೇ ವರ್ಷ, ಮಿಡ್‌ಫೀಲ್ಡ್. ಸೆಪ್ಟೆಂಬರಿಗೆ ರಾಷ್ಟ್ರೀಯ ತಂಡದ ಕ್ಯಾಂಪಿಗೆ ಬಾ ಎಂದು ಫೋನ್ ಬಂದು ಆರು ದಿನ ಆಗಿತ್ತು. ಅಪ್ಪ ಬಾರಿನಲ್ಲಿ ಎಲ್ಲರಿಗೂ ಕುಡಿಸಿದ್ದ. ಆಗಸ್ಟಿನ ವಾರ್ಷಿಕ ಪರೀಕ್ಷೆ — ಇಡೀ ತಂಡ ಸಾಲಾಗಿ ನಿಂತು, ಇಬ್ಬಿಬ್ಬರೇ ಒಳಗೆ ಹೋಗಿ ಬರುವುದು. ಮೂರು ದಿನ ಬಿಟ್ಟು ಕ್ಲಬ್ಬಿನ ಮ್ಯಾನೇಜರ್ ಕರೆಸಿ, "ಸಾವ್ರೊ, ಕೂತ್ಕೋ ಮೊದಲು," ಅಂದ. ಓಡಿದರೆ ಸಾಯಬಹುದು ಅಂದ. ಆಮೇಲೆ ಹೃದಯದ ಒಬ್ಬ ದೊಡ್ಡ ಪ್ರೊಫೆಸರರ ಹತ್ತಿರವೂ ಕಳಿಸಿದರು. ಅವರು ಕಾಗದ ನೋಡಿ ತಲೆ ಆಡಿಸಿದರು. ಅಂಗಿ ಬಿಚ್ಚು ಅನ್ನಲಿಲ್ಲ.

ಅಂಗಿ ಬಿಚ್ಚು ಅನ್ನಲಿಲ್ಲ. ಈಗ ಹೊಳೆಯುತ್ತಿದೆ.

ಜನವರಿ 17, ಶುಕ್ರವಾರ. ಮಧ್ಯಾಹ್ನ

ಲಕೋಟೆ ಕೊಟ್ಟೆ. ಡಾಕ್ಟರ್ ಹೃದಯದ ಗೆರೆಗಳಿದ್ದ ಕಾಗದವನ್ನು ಕಿಟಕಿಗೆ ಹಿಡಿದು ನೋಡಿದರು. ಬಹಳ ಹೊತ್ತು. "ಇದು ಆಟಗಾರನ ದಪ್ಪ ಹೃದಯ ಅಲ್ಲ. ನಿಜವಾದ ಕಾಯಿಲೆ ಇದು. ಹುಟ್ಟಿಂದ ಬರೋದು, ಹೋಗೋದಲ್ಲ."

ಆಮೇಲೆ ಕಾಗದದ ತಲೆಗೆ ಬಂದರು. ಅಲ್ಲಿ ನನ್ನ ಹೆಸರು, ಟೈಪ್ ಮಾಡಿ ಅಂಟಿಸಿದ್ದು. ಅದರ ಕೆಳಗೆ ಮೆಷಿನ್ನೇ ಅಚ್ಚು ಹಾಕಿದ ಸಣ್ಣ ಅಕ್ಷರದ ಸಾಲು.

"ಮಿಸ್ಟರ್, ನಿಮ್ಮ ಎತ್ತರ ಎಷ್ಟು?"

"ನೂರ ಎಪ್ಪತ್ಮೂರು ಸೆಂಟಿಮೀಟರ್."

"ಇಲ್ಲಿ ನೂರ ಎಂಬತ್ತೆಂಟು ಇದೆ."

ತೂಕ ಎಂಬತ್ತಾರು ಕಿಲೊ ಎಂದೂ ಇತ್ತು. ನಾನು ಅರವತ್ತೆಂಟು ದಾಟಿದವನಲ್ಲ. ಮೂವತ್ತು ವರ್ಷ. ಮ್ಯಾನೇಜರು, ಪ್ರೊಫೆಸರು, ಪತ್ರಿಕೆಯವರು, ನಾನು — ಒಬ್ಬರೂ ಆ ಸಾಲು ಓದಲಿಲ್ಲ.

ಕುರ್ಚಿಯ ಕೈ ಹಿಡಿದುಕೊಂಡೆ.

"ನಿಮ್ಮ ಜೊತೆ ಆಡ್ತಿದ್ದವರಲ್ಲಿ ಇಷ್ಟು ಎತ್ತರದವರು ಯಾರಿದ್ರು?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ.

ಗೊತ್ತಿತ್ತು.

ಜನವರಿ 18, ಶನಿವಾರ

ಒರ್ನೆಲ್ಲಾಗೆ ಹೇಳಿದೆ. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ನನ್ನ ಹೆಂಡತಿ. ರಾತ್ರಿ ನಾನು ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ಎದೆ ಮೇಲೆ ಕೈಯಿಟ್ಟು ಮಲಗುವವಳು. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

ಕೈ ನಿಂತಿತು. "ಅಂದ್ರೆ ನಿಂಗೆ ಏನೂ ಇರ್ಲಿಲ್ಲ."

"ಇರ್ಲಿಲ್ಲ."

"ಯಾವತ್ತೂ."

"ಯಾವತ್ತೂ ಇರ್ಲಿಲ್ಲ."

"ಮಕ್ಕಳಿಗೂ ಬರ್ತಿರ್ಲಿಲ್ಲ."

ಮಕ್ಕಳಾದರೆ ಅವಕ್ಕೂ ಬರುತ್ತೆ, ಅರ್ಧಕ್ಕರ್ಧ ಸಂಭವ ಎಂದು ಆಗಲೇ ಡಾಕ್ಟರು ಹೇಳಿದ್ದರು. ಬೇಡ ಎಂದವನು ನಾನು. ಅವಳು ಆಗಲಿ ಎಂದಿದ್ದಳು, ಎರಡನೇ ಸಲ ಆ ಮಾತು ಎತ್ತಲಿಲ್ಲ.

ಬಟಾಣಿ ಅಲ್ಲೇ ಬಿಟ್ಟು ಕೋಟು ಹಾಕಿಕೊಂಡು ಸಮುದ್ರದ ಕಡೆ ಹೋದಳು. ಎರಡು ಗಂಟೆ ಆಯಿತು. ಹಿಂದೆ ಹೋಗಲೋ ಬೇಡವೋ ತಿಳಿಯದೆ ಬಟಾಣಿ ಬಿಡಿಸುತ್ತ ಕೂತೆ.

ಜನವರಿ 19, ಭಾನುವಾರ

ಮ್ಯಾಚ್. 1–1. ಎಪ್ಪತ್ತನೇ ನಿಮಿಷದಲ್ಲಿ ರೆಫರಿ ಆಫ್‌ಸೈಡ್ ಕೊಟ್ಟಾಗ ಗೆರೆಯವರೆಗೆ ಓಡಿಹೋಗಿ ಕೂಗಿದೆ. ಗಂಟಲು ಹರಿಯುವ ಹಾಗೆ. ಆಟಗಾರರು ಚೆಂಡು ಬಿಟ್ಟು ನನ್ನನ್ನೇ ನೋಡಿದರು. ಇಪ್ಪತ್ತೊಂಬತ್ತು ವರ್ಷದ ಕೋಚಿಂಗಿನಲ್ಲಿ ಮೊದಲ ಹಳದಿ ಕಾರ್ಡ್. ಪತ್ರಿಕೆಯವರು ನನ್ನನ್ನು ಶಾಂತಮೂರ್ತಿ ಅನ್ನುತ್ತಾರೆ. ಶಾಂತಿ ಅಲ್ಲ, ಹೆದರಿಕೆ. ಮೆಟ್ಟಿಲು ಹತ್ತುವಾಗ ಮಹಡಿಗೊಮ್ಮೆ ನಿಲ್ಲುವವನು ನಾನು.

ಫೌಸ್ತೊ ಅಂಗಿ ಹಿಡಿದು ಎಳೆದು ಕೂರಿಸಿದ. "ಸಾಯ್ಬೇಕು ಅಂತಿದ್ಯಾ?"

"ಸಾಯಲ್ಲ ನಾನು," ಎಂದೆ. ಅವನ ಮುಖ ಬಿಳಿಚಿಕೊಂಡಿತು. ಹುಚ್ಚು ಹಿಡಿಯಿತು ಎಂದುಕೊಂಡಿರಬೇಕು.

ಜನವರಿ 20, ಸೋಮವಾರ

ವಕೀಲನಿಗೆ ಫೋನ್ ಮಾಡಿದೆ. ಆ ಪರೀಕ್ಷಾ ಕೇಂದ್ರ ಈಗ ಇಲ್ಲ, ಮುಚ್ಚಿ ಹದಿನೈದು ವರ್ಷ ಆಯಿತಂತೆ. ಸಹಿ ಹಾಕಿದ ಡಾಕ್ಟರು ತೀರಿಹೋಗಿದ್ದಾರೆ. ಬೈಯಲಿಕ್ಕೂ ಯಾರೂ ಇಲ್ಲ.

ದಿನವಿಡೀ ತಲೆಯೊಳಗೆ ಆ ಸೆಪ್ಟೆಂಬರನ್ನೇ ಆಡಿದೆ. ಕ್ಯಾಂಪು. ರಾಷ್ಟ್ರೀಯ ತಂಡದ ನೀಲಿ ಅಂಗಿ. ನನ್ನ ಜಾಗಕ್ಕೆ ಹೋದವನು ನಲವತ್ತು ಮ್ಯಾಚ್ ಆಡಿದ. ಅದರಲ್ಲಿ ಯಾವುದು ನನ್ನದು, ಯಾವುದು ಅವನದು ಎಂದು ಹಂಚಿಕೊಂಡು ಕೂತೆ. ಐವತ್ತೈದು ವರ್ಷದ ಗಂಡಸು.

ಜನವರಿ 22, ಬುಧವಾರ

ಬರೆದುಬಿಡಬೇಕು. ಇವಾನೊ ಬ್ರೆಸ್ಸಾನಿನ್.

ನೂರ ಎಂಬತ್ತೆಂಟು. ನಮ್ಮ ಸೆಂಟರ್ ಬ್ಯಾಕ್. ಕ್ಯಾಂಪಿನಲ್ಲಿ ನನ್ನ ರೂಮಿನವನು. ಆ ಬೆಳಿಗ್ಗೆ ನಾವಿಬ್ಬರೂ ಜೊತೆಯಲ್ಲೇ ಒಳಗೆ ಹೋದದ್ದು, ಜೊತೆಯಲ್ಲೇ ಹೊರಬಂದದ್ದು. ಎರಡು ಫೈಲು, ಅಂಟಿಸಲಿಕ್ಕೆ ಎರಡು ಹೆಸರಿನ ಚೀಟಿ. ಯಾರದೋ ಕೈ ತಪ್ಪಿತು, ಅಷ್ಟೆ.

ಆ ವರ್ಷ ಅವನು ಮೂವತ್ತೊಂದು ಮ್ಯಾಚ್ ಆಡಿದ. ನನ್ನ ಒಳ್ಳೆಯ ಹೃದಯದ ಕಾಗದ ಅವನ ಹೆಸರಿನಲ್ಲಿತ್ತು. ಜೂನಿನಲ್ಲಿ ರಜೆಗೆ ಊರಿಗೆ ಹೋದ. ಪೋ ನದಿ ಸಮುದ್ರ ಸೇರುವ ಕಡೆ, ಅವರ ಮನೆಯವರೆಲ್ಲ ಹಿನ್ನೀರಿನಲ್ಲಿ ನಿಂತು ಮರಳಿನಿಂದ ತಿನ್ನುವ ಚಿಪ್ಪಿ ಬಾಚುವವರು. ಅವನೂ ಇಳಿದ. ಸೊಂಟಮಟ್ಟದ ನೀರು. ಮುಂದಕ್ಕೆ ಬಗ್ಗಿದ. ದೂರದಲ್ಲಿದ್ದ ಇಬ್ಬರು ಏನೋ ಹುಡುಕುತ್ತಿದ್ದಾನೆ ಎಂದುಕೊಂಡರಂತೆ. ಹತ್ತು ನಿಮಿಷ ಹಾಗೇ ಎಂದುಕೊಂಡರು.

ಮುಳುಗಿ ಸತ್ತ ಎಂದು ಬರೆದರು. ಊಟಕ್ಕೆ ವೈನ್ ಇತ್ತು, ಕುಡಿದು ಬಿದ್ದ ಎಂದು ಊರು ಹೇಳಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಭಾರ ಹೊರಬೇಡ, ನಿನ್ನ ಹೃದಯಕ್ಕೆ ಆಗದು ಎಂದು ಎಲ್ಲರೂ ತಡೆದರು, ಕೇಳಲಿಲ್ಲ.

ಹೆಂಡತಿ ಲೊರೆದಾನಾ. ಒಂದು ವರ್ಷದ ಮಗಳು, ಮಿಲೇನಾ.

ಹುಟ್ಟಿಂದ ಬರೋದು ಅಂದರು ಡಾಕ್ಟರ್. ಮಕ್ಕಳಿಗೆ ಅರ್ಧಕ್ಕರ್ಧ.

ಜನವರಿ 28, ಮಂಗಳವಾರ

ಲೊರೆದಾನಾಗೆ ಫೋನ್ ಮಾಡಲಿಲ್ಲ. ಆರು ದಿನ. ನಂಬರ್ ಇದೆ, ಪ್ರತಿ ಕ್ರಿಸ್‌ಮಸ್ಸಿಗೆ ಮಾತಾಡುತ್ತೇವೆ. ಏನೆಂದು ಹೇಳುವುದು? ನಿನ್ನ ಗಂಡನ ಸಾವು ನನ್ನ ಡ್ರಾಯರಿನಲ್ಲಿತ್ತು, ಲೊರೆದಾನಾ, ಮೂವತ್ತು ವರ್ಷ ಜೋಪಾನ ಮಾಡಿದೆ?

ಇವತ್ತು ಡಾಕ್ಟರಿಗೆ ಎಲ್ಲ ಹೇಳಿದೆ. ಪೆನ್ನು ಕೆಳಗಿಟ್ಟರು.

"ಆ ಮಗಳು ಈಗೇನು ಮಾಡ್ತಾಳೆ?"

"ಅಪ್ಪನ ಕಡೆಯವರ ಕೆಲಸವೇ. ನೀರಲ್ಲಿ ನಿಂತು ಚಿಪ್ಪಿ ಬಾಚ್ತಾಳೆ."

"ನಿಮಗೆ ಶುಕ್ರವಾರವೇ ಗೊತ್ತಿತ್ತು. ಹದಿನೇಳನೇ ತಾರೀಖು."

ಹೌದು ಎಂದೆ.

"ಇವತ್ತು ಇಪ್ಪತ್ತೆಂಟು," ಎಂದರು. ಬೈದಿದ್ದರೆ ವಾಸಿ ಇತ್ತು.

ಜನವರಿ 29, ಬುಧವಾರ. ರಸ್ತೆ ಬದಿಯ ಬಾರಿನಲ್ಲಿ, ಸಂಜೆ 4

ಅಭ್ಯಾಸ ಫೌಸ್ತೊಗೆ ಬಿಟ್ಟು ಬೆಳಿಗ್ಗೆ ಆರಕ್ಕೆ ಲೊರೆದಾನಾ ಊರಿಗೆ ಹೊರಟೆ. ಒರ್ನೆಲ್ಲಾ ತಾನೇ ಬಂದು ಕಾರಿನಲ್ಲಿ ಕೂತಳು. ಹತ್ತು ದಿನದಿಂದ ಹೆಚ್ಚು ಮಾತಿಲ್ಲ ನಮಗೆ. ದಾರಿಯಲ್ಲಿ ಒಂದೇ ಮಾತು: "ಸುತ್ತಿ ಬಳಸಿ ಹೇಳ್ಬೇಡ. ನೆಟ್ಟಗೆ ಹೇಳು."

ಮಂಜು. ಕಟ್ಟೆಯ ಮೇಲಿನ ರಸ್ತೆ ಹತ್ತು ಮಾರು ಮುಂದೆ ಕಾಣದು. ಲೊರೆದಾನಾ ನಮ್ಮನ್ನು ನೋಡಿ ಒಲೆಗೆ ಕಾಫಿ ಇಟ್ಟಳು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಕೆಲ್ಸ ಕಳ್ಕೊಂಡ್ಯಾ ಮತ್ತೆ? ಬುಧವಾರ ಬಂದಿದ್ದೀಯಲ್ಲ," ಅಂತ ನಕ್ಕಳು.

ನೆಟ್ಟಗೆ ಹೇಳಿದೆ. ಕಾಗದ ಮೇಜಿನ ಮೇಲಿಟ್ಟೆ. ಓದಲಿಲ್ಲ ಅವಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಕಾಫಿ ಉಕ್ಕಿ ಒಲೆ ಮೇಲೆ ಚೆಲ್ಲಿತು. ಒರ್ನೆಲ್ಲಾ ಎದ್ದು ಆರಿಸಿದಳು.

"ಒಂದೇ ಗ್ಲಾಸ್ ಕುಡಿದಿದ್ದು," ಅಂದಳು ಲೊರೆದಾನಾ. "ಊಟಕ್ಕೆ ಒಂದೇ. ನಾನೇ ಬಡಿಸಿದ್ದು. ಮೂವತ್ತು ವರ್ಷದಿಂದ ಹೇಳ್ತಾನೇ ಇದೀನಿ, ಒಬ್ರೂ ನಂಬ್ಲಿಲ್ಲ. ಅವನ ಹೆತ್ತ ತಾಯಿ ನಂಬ್ಲಿಲ್ಲ. ಸಾಯೋ ತನಕ ನನ್ನ ಕೇಳ್ತಿದ್ಲು, ನಿಜ ಹೇಳೇ, ಎಷ್ಟು ಬಾಟ್ಲಿ ಅಂತ."

"ಲೊರೆದಾನಾ..."

"ಕಡೆಕಡೆಗೆ ನಾನೇ ನಂಬ್ಲಿಲ್ಲ, ಸಾವ್ರೊ. ಕದ್ದು ಕುಡಿದಿದ್ನೇನೋ ಅಂತ. ಅವನ ಗೋರಿ ಮುಂದೆ ನಿಂತು ಬೈದಿದೀನಿ."

ಆಗ ನಾನು ಮಗಳ ಮಾತು ಎತ್ತಿದೆ. ಹುಟ್ಟಿನಿಂದ ಬರುವಂಥದ್ದು, ಮಿಲೇನಾಗೂ ಇರಬಹುದು, ಪರೀಕ್ಷೆ ಆಗಬೇಕು ಎಂದೆ. ಮಾತು ಮುಗಿಯಲಿಕ್ಕೆ ಬಿಡಲಿಲ್ಲ. ಎದ್ದಳು. ಚಪ್ಪಲಿ ಕೂಡ ಬದಲಾಯಿಸಲಿಲ್ಲ, ಮನೆಯೊಳಗಿನ ಬಟ್ಟೆ ಚಪ್ಪಲಿಯಲ್ಲೇ ಹಿತ್ತಲು ದಾಟಿ ಕಟ್ಟೆ ಹತ್ತಿದಳು. ನಾವು ಹಿಂದೆ.

ಮಂಜಿನಲ್ಲಿ ನೀರು ಎಲ್ಲಿ ಶುರು, ಆಕಾಶ ಎಲ್ಲಿ ಶುರು ತಿಳಿಯುವ ಹಾಗಿರಲಿಲ್ಲ. ಮೂರು ನಾಲ್ಕು ಆಕಾರಗಳು, ಎದೆಯವರೆಗೆ ರಬ್ಬರು ಉಡುಪು, ಚಿಪ್ಪಿ ಬಾಚುವ ಉದ್ದ ಹಿಡಿಯ ಬಾಚಣಿಗೆ ಎಳೆಯುತ್ತಿದ್ದವು. ಒಂದು ಎಲ್ಲರಿಗಿಂತ ಎತ್ತರ. ಇವಾನೊನದೇ ಹೆಗಲು. ಅದೇ ಸ್ವಲ್ಪ ಬಗ್ಗಿದ ಕತ್ತು.

"ಮಿಲೇನಾ, ಹೊರಗೆ ಬಾ."

"ಇನ್ನೊಂದೆರಡು ಚೀಲ ಇದೆ ಅಮ್ಮ."

"ಬಿಟ್ಟು ಬಾ."

"ಏನಾಯ್ತು? ಯಾರು ಬಂದಿದಾರೆ?"

"ಓಡಬೇಡ. ನಿಧಾನಕ್ಕೆ ಬಾ. ನಿಧಾನ."

ಅವಳು ನೀರು ದಾಟಿ ಬರುವುದಕ್ಕೆ ಐದು ನಿಮಿಷ ಹಿಡಿದಿರಬೇಕು. ಲೊರೆದಾನಾ ನನ್ನ ತೋಳು ಹಿಡಿದಿದ್ದಳು. ಉಗುರು ಕೋಟಿನೊಳಗೆ ಇಳಿಯುವಷ್ಟು ಬಿಗಿಯಾಗಿ. ಒಂದೊಂದು ಹೆಜ್ಜೆ ಎಣಿಸಿದೆ ನಾನು.

ದಡಕ್ಕೆ ಬಂದು, ಕೈಗವಸು ಕಳಚಿ, "ನೀವು ಅಪ್ಪನ ಜೊತೆ ಆಡ್ತಿದ್ದೋರಲ್ವಾ," ಎಂದು ಕೈ ಚಾಚಿದಳು. ತಣ್ಣಗೆ ಮರಗಟ್ಟಿದ ಕೈ.

ಫೆಬ್ರವರಿ 11, ಮಂಗಳವಾರ

ಮಿಲೇನಾಗೂ ಇದೆ. ಹತ್ತೊಂಬತ್ತು ಮಿಲಿಮೀಟರ್.

ಪಾದುವಾದ ದೊಡ್ಡ ಆಸ್ಪತ್ರೆಯಲ್ಲಿ ನೋಡಿದರು. ಡಾಕ್ಟರ್ ಕ್ವಾರಾಂತಾ ತಮ್ಮ ಗುರುಗಳಿಗೆ ಹೇಳಿ ಬೇಗ ದಿನ ಕೊಡಿಸಿದ್ದರು. ಕಳೆದ ಬೇಸಿಗೆಯಲ್ಲಿ ಎರಡು ಸಲ ನೀರಿನಲ್ಲಿ ಕಣ್ಣು ಕತ್ತಲೆ ಬಂದಿತ್ತಂತೆ. ಬಿಸಿಲು ಎಂದುಕೊಂಡಿದ್ದಳಂತೆ, ಅಮ್ಮನಿಗೂ ಹೇಳಿರಲಿಲ್ಲ. ಅದನ್ನು ಕೇಳಿ ಅಲ್ಲಿನ ಡಾಕ್ಟರು ಆಸ್ಪತ್ರೆಯಿಂದ ಮನೆಗೇ ಬಿಡಲಿಲ್ಲ. ಎದೆಯ ಚರ್ಮದ ಕೆಳಗೆ ಒಂದು ಯಂತ್ರ ಇಡುತ್ತಾರೆ. ಬಡಿತ ತಪ್ಪಿದರೆ ಒಳಗಿಂದಲೇ ಒದ್ದು ಎಬ್ಬಿಸುವಂಥದ್ದು.

ಫೋನಿನಲ್ಲಿ ಇದನ್ನೆಲ್ಲ ಹೇಳಿದವಳು ಲೊರೆದಾನಾ. ಅಳಲಿಲ್ಲ. ಕೊನೆಯಲ್ಲಿ ಒಂದು ಕೇಳಿದಳು: "ಅವತ್ತು ಕಾಗದ ಸರಿಯಾಗಿ ಬಂದಿದ್ರೆ ಇವಾನೊ ಮನೇಲಿ ಕೂತಿರ್ತಿದ್ದ, ನೀನು ಆಡ್ತಿದ್ದೆ. ಅಲ್ವಾ?"

"ಹೌದು."

"ಇಬ್ರೂ ಇರ್ತಿದ್ರಿ."

ಹೌದು ಎಂದೆ. ಫೋನ್ ಇಟ್ಟಳು.

ಗೊತ್ತಿದ್ದೂ ಹನ್ನೊಂದು ದಿನ ಬಾಯಿ ಬಿಡಲಿಲ್ಲ ನಾನು. ಆ ಹನ್ನೊಂದು ದಿನದಲ್ಲಿ ಒಂದು ದಿನ ಅವಳಿಗೆ ನೀರಿನಲ್ಲಿ ಕಣ್ಣು ಕತ್ತಲೆ ಬಂದಿದ್ದರೆ.

ಫೆಬ್ರವರಿ 17, ಸೋಮವಾರ

ನಿನ್ನೆ 0–3. ಬೆಳಿಗ್ಗೆ ಕ್ಲಬ್ಬಿನಿಂದ ಫೋನ್. ಏಳನೇ ಸಲ. ಆ ಬುಧವಾರದ ಅಭ್ಯಾಸ ತಪ್ಪಿಸಿದ್ದನ್ನೂ ಹೇಳಿ ತೋರಿಸಿದರು. ತಂಡ ಫೌಸ್ತೊ ಕೈಗೆ. ಒಪ್ಪಿಕೊಳ್ಳಲೋ ಬೇಡವೋ ಎಂದು ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದ.

"ತಗೋ," ಎಂದೆ. "ಎಡಗಡೆ ಬ್ಯಾಕ್‌ನ ಬದಲಾಯಿಸು."

"ನೀನೇ ಬದಲಾಯಿಸ್ಬಹುದಿತ್ತಲ್ಲೋ ಮಾರಾಯ."

ಇಬ್ಬರೂ ನಕ್ಕೆವು. ಆಮೇಲೆ ಅವನು ಅತ್ತ. ಎಲ್ಲ ಹೇಳಿದ್ದೆ ಅವನಿಗೆ. ಮೂರು ಮಹಡಿ ಇಳಿದು ಬೀದಿಯವರೆಗೆ ಬಿಟ್ಟು ಬಂದೆ. ಹತ್ತುವಾಗ ಎಲ್ಲೂ ನಿಲ್ಲಲಿಲ್ಲ. ಮೇಲೆ ಬಂದ ಮೇಲೆ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗೇ ಕೇಳುತ್ತ ನಿಂತೆ.

ಮಾರ್ಚ್ 5, ಬುಧವಾರ

ಮಿಲೇನಾ ಫೋನ್ ಮಾಡಿದ್ದಳು. ಯಂತ್ರ ಇಟ್ಟು ಎರಡು ವಾರ. ಎಡಗೈ ಮೇಲೆತ್ತುವ ಹಾಗಿಲ್ಲ ಇನ್ನೂ. ನೀರಿನ ಕೆಲಸ ಮುಗಿಯಿತು. ಮೀನುಗಾರರ ಸಂಘದವರು ಚಿಪ್ಪಿ ವಿಂಗಡಿಸುವ ಕಡೆ ಹಾಕಿಕೊಂಡಿದ್ದಾರೆ. "ಹೆಂಗಸರ ಮಾತು ಕೇಳಿ ಕೇಳಿ ಅಲ್ಲೇ ಹೃದಯ ನಿಲ್ಲುತ್ತೆ ನಂಗೆ," ಅಂದಳು.

ಸಿಟ್ಟಿಲ್ಲವೇ ನನ್ನ ಮೇಲೆ ಎಂದು ಕೇಳಿದೆ. ಬಾಯಿ ತಪ್ಪಿ ಬಂತು.

"ಇತ್ತು. ಒಂದು ವಾರ. ಆಮೇಲೆ ಅಮ್ಮ ಊರಿಡೀ ತಿರುಗಿ ಮನೆ ಮನೆಗೂ ಹೇಳಿ ಬಂದ್ಲು, ಕುಡಿದಿರ್ಲಿಲ್ಲ ಅವನು ಅಂತ. ಹಾಗೆ ಅಂದಿದ್ದು ಈಗ ಸತ್ತುಹೋದವರ ಮನೆಗೂ ಹೋಗಿ ಅವರ ಮಕ್ಕಳಿಗೆ ಹೇಳಿದ್ಲು. ಅದನ್ನ ನೋಡಿದ್ಮೇಲೆ ಹೋಯ್ತು."

ಆಮೇಲೆ: "ಒಂದು ಕೇಳ್ಲಾ? ಅಪ್ಪ ಸತ್ತ ದಿನದ್ದು ಎಲ್ಲಾ ಗೊತ್ತು ನಂಗೆ. ಬೇರೆ ದಿನದ್ದು ಒಂದೂ ಗೊತ್ತಿಲ್ಲ. ಹೇಗಿದ್ದ, ಏನ್ ಮಾತಾಡ್ತಿದ್ದ. ನಿಮ್ಮ ರೂಮಲ್ಲೇ ಇದ್ನಂತಲ್ಲ. ಬರ್ದು ಕೊಡ್ತೀರಾ?"

ಆಯ್ತು ಎಂದೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 3

ಮ್ಯಾಚ್ ಇಲ್ಲದ ಭಾನುವಾರ. ಒರ್ನೆಲ್ಲಾ ತಂಗಿಯ ಮನೆಗೆ ಹೋಗಿದ್ದಾಳೆ. ಸಂಜೆ ಬರುತ್ತೇನೆ ಎಂದಿದ್ದಾಳೆ. ಈಗೀಗ ಹೇಳಿ ಹೋಗುತ್ತಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅವಳಿಗೆ ನಕಲು.

ಮಿಲೇನಾ, ನಿನ್ನ ಅಪ್ಪನಿಗೆ ಎಡಗಾಲು ಬರುತ್ತಿರಲಿಲ್ಲ. ಚೆಂಡು ಎಡಕ್ಕೆ ಬಂದರೆ ಅದರ ಸುತ್ತ ಪ್ರದಕ್ಷಿಣೆ ಹಾಕಿ ಬಲಗಾಲಿಗೆ ತಂದುಕೊಳ್ಳುತ್ತಿದ್ದ. ಇಡೀ ಸ್ಟೇಡಿಯಂ ನಗುತ್ತಿತ್ತು, ಅವನೂ ನಗುತ್ತಿದ್ದ. ತಲೆಗೆ ಬಂದ ಚೆಂಡನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವನಲ್ಲ. ಕ್ಯಾಂಪಿಗೆ ಬರುವಾಗ ನಿಮ್ಮೂರಿನ ಹಾವುಮೀನು ಹುರಿದು ಡಬ್ಬಿಯಲ್ಲಿ ತರುತ್ತಿದ್ದ. ರೂಮೆಲ್ಲ ನಾತ, ಅಡುಗೆಯವನಿಗೂ ಅವನಿಗೂ ಜಗಳ. ನಿದ್ದೆಯಲ್ಲಿ ನಿಮ್ಮ ಕಡೆಯ ಭಾಷೆಯಲ್ಲಿ ಬೈಯುತ್ತಿದ್ದ, ಯಾರನ್ನೆಂದು ನನಗೆ ಗೊತ್ತಾಗಲಿಲ್ಲ. ನೀನು ಹುಟ್ಟಿದ ದಿನ ಮೈದಾನದ ಮಾಲಿಯಿಂದ ಹಿಡಿದು ಎಲ್ಲರನ್ನೂ ಅಪ್ಪಿಕೊಂಡ. ಮಗು ಯಾರ ಹಾಗಿದೆ ಎಂದು ಕೇಳಿದರೆ, ಉದ್ದ ಇದೆ ಎಂದಷ್ಟೇ ಹೇಳಿದ.

ಮಾತು ಬರುತ್ತಿರಲಿಲ್ಲ ಅವನಿಗೆ. ನನ್ನನ್ನು ಆಟದಿಂದ ತೆಗೆದ ವಾರ ತಂಡದವರು ಯಾರೂ ನಮ್ಮ ಮನೆ ಕಡೆ ಬರಲಿಲ್ಲ. ಏನು ಹೇಳಬೇಕೋ ತಿಳಿದಿರಲಿಲ್ಲ ಅವರಿಗೆ. ನಿನ್ನ ಅಪ್ಪ ಬಂದ. ಒಂದು ಗಂಟೆ ಕುರ್ಚಿಯಲ್ಲಿ ಕೂತು ಕಾಲಬುಡ ನೋಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, ಮುಷ್ಟಿಯಿಂದ ತನ್ನ ಎದೆ ಗುದ್ದಿಕೊಂಡು ಹೇಳಿದ: "ಬದಲಾಯಿಸ್ಕೊಳ್ಳೋ ಹಾಗಿದ್ರೆ ಇದನ್ನ ನಿಂಗೆ ಕೊಟ್ಬಿಡ್ತಿದ್ದೆ ಸಾವ್ರೊ. ಎತ್ತಿನಂಥದ್ದು ಇದು. ನಂದು ತಗೋ ಅಂತಿದ್ದೆ."

ಇದನ್ನು ಅವಳಿಗೆ ಹೇಗೆ ಬರೆಯುವುದು. ಬರೆಯದೆ ಇದನ್ನೂ ಡ್ರಾಯರಿನಲ್ಲಿ ಇಟ್ಟುಕೊಳ್ಳಲಾರೆ.